ಮಗುವನ್ನು ಪೊಲೀಸರು ಕರೆದೊಯ್ದರೆ: ಎಲ್ಲಿ ಹುಡುಕಬೇಕು, ಏನು ಕೇಳಬೇಕು

ಎಷ್ಟೋ ಮನೆಗಳಿಗೆ ಸುದ್ದಿ ಮುಟ್ಟುವುದು ಠಾಣೆಯಿಂದಲ್ಲ, ಮಗನ ಜೊತೆಗಾರರಿಂದ. ‘ನಿಮ್ಮ ಹುಡುಗನನ್ನು ಹಿರಿಯೂರಿನಲ್ಲಿ ಜೀಪು ಹತ್ತಿಸಿದರಂತೆ’ ಎಂದು ಯಾರೋ ಫೋನು ಮಾಡುತ್ತಾರೆ. ಯಾವ ಠಾಣೆ, ಏನು ಕೇಸು, ಈಗ ಎಲ್ಲಿದ್ದಾನೆ ಎಂದರೆ ಅವರಿಗೂ ಗೊತ್ತಿರುವುದಿಲ್ಲ. ಅಪ್ಪ ಹೆದ್ದಾರಿ ಬದಿಯ ಗ್ಯಾರೇಜಿಗೋ ಹೊಳಲ್ಕೆರೆ ಕಡೆಯ ಅಡಿಕೆ ತೋಟಕ್ಕೋ ಕೆಲಸಕ್ಕೆ ಹೋಗಿರುತ್ತಾನೆ. ಅಮ್ಮ, ಅಕ್ಕಪಕ್ಕದವರಿಗೆ ತಿಳಿದೀತೆಂದು ಬಾಯಿ ಬಿಡುವುದಿಲ್ಲ. ಬೆಳಗಾಗಲಿ, ಊರಿನ ಮುಖಂಡರನ್ನು ಕೇಳೋಣ ಎನ್ನುವಷ್ಟರಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದುಹೋಗುತ್ತದೆ. ಕಾನೂನಿನ ಪ್ರಕಾರ ಅತಿ ಮುಖ್ಯವಾದ ಸಮಯ ಅದೇ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಅಂಥ ಮನೆಗಳಿಗಾಗಿ ಈ ಲೇಖನ. ಮಗು ತಪ್ಪು ಮಾಡಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಲು ಬಾಲ ನ್ಯಾಯ ಮಂಡಳಿ ಇದೆ. ಮಗು ಎಲ್ಲಿದೆ ಎಂದು ಪತ್ತೆ ಮಾಡಿ ಅದರ ಪಕ್ಕದಲ್ಲಿ ನಿಲ್ಲುವುದು ಮನೆಯವರ ಕೆಲಸ. ಜಾಮೀನಾಗಲಿ, ಅಧಿಕಾರಿಗಳ ವರದಿಯಾಗಲಿ, ಮುಂದಿನ ಭೇಟಿಯಾಗಲಿ, ಮನೆಯವರು ಬಂದಿದ್ದಾರೆಯೇ ಇಲ್ಲವೇ ಎಂಬುದರ ಮೇಲೆ ತುಂಬ ನಿಂತಿರುತ್ತದೆ. ಮರ್ಯಾದೆಗೆ ಅಂಜಿ ದೂರ ಉಳಿದರೆ, ‘ಈ ಮಗುವನ್ನು ಕರೆದುಕೊಂಡು ಹೋಗುವವರು ಯಾರೂ ಇಲ್ಲ’ ಎಂದು ಕಡತದಲ್ಲಿ ಬರೆಯುವುದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಠಾಣೆಯಲ್ಲಿ ಮೊದಲ ಮಾತು

18 ವರ್ಷ ತುಂಬದ ಎಲ್ಲರಿಗೂ, ಹುಡುಗರಿಗೂ ಹುಡುಗಿಯರಿಗೂ, ಅನ್ವಯಿಸುವುದು 2015ರ ಬಾಲ ನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಅದು ಜಾರಿಯಲ್ಲಿದೆ. ಅದರ 10ನೇ ಕಲಂ ಪ್ರಕಾರ, ಪೊಲೀಸರು ಹಿಡಿದ ಮಗುವನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. ಹಿಡಿದ ಕೂಡಲೇ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ವಶಕ್ಕೆ ಕೊಡಬೇಕು. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 13ನೇ ಕಲಂ ಇನ್ನೊಂದು ಹೊಣೆ ಹೊರಿಸುತ್ತದೆ: ತಂದೆತಾಯಿಗೆ ಅಥವಾ ಪೋಷಕರಿಗೆ ಆದಷ್ಟು ಬೇಗ ಸುದ್ದಿ ಮುಟ್ಟಿಸಿ, ಮಂಡಳಿಯ ಮುಂದೆ ಯಾವಾಗ ಬರಬೇಕೆಂದು ತಿಳಿಸುವುದು ಅದೇ ಅಧಿಕಾರಿಯ ಕರ್ತವ್ಯ. ಠಾಣೆಗೆ ಹೋಗಿ ಮಗನ ಬಗ್ಗೆ ಕೇಳುವಾಗ ನೀವು ಯಾರ ಮರ್ಜಿಯನ್ನೂ ಬೇಡುತ್ತಿಲ್ಲ, ಅವರು ಕೊಡಲೇಬೇಕಾದ ಮಾಹಿತಿಯನ್ನು ಕೇಳುತ್ತಿದ್ದೀರಿ. ಈ ಧೈರ್ಯ ಇಟ್ಟುಕೊಂಡೇ ಒಳಗೆ ಹೋಗಿ.

ಹೋದ ಕೂಡಲೇ ‘ಸಾಹೇಬರು ಎಲ್ಲಿ’ ಎನ್ನುವ ಬದಲು ‘ಇಲ್ಲಿನ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು’ ಎಂದು ಕೇಳಿ. ಕಾಯ್ದೆಯ 107ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರಿಗೆ ಈ ಹೊಣೆ ಇರುತ್ತದೆ. ಹಿರಿಯೂರು ನಗರ ಠಾಣೆಯಾದರೂ ಅಷ್ಟೆ, ಐಮಂಗಲ, ಅಬ್ಬಿನಹೊಳೆ, ಶ್ರೀರಾಂಪುರ, ಚಿತ್ರಹಳ್ಳಿ, ಚಿಕ್ಕಜಾಜೂರು, ಭರಮಸಾಗರದಂಥ ಠಾಣೆಯಾದರೂ ಅಷ್ಟೆ. ಇವರೆಲ್ಲರ ಮೇಲೆ ಜಿಲ್ಲಾ ಮಟ್ಟದಲ್ಲಿ ವಿಶೇಷ ಮಕ್ಕಳ ಪೊಲೀಸ್ ಘಟಕ ಇದ್ದು, ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅದರ ಮುಖ್ಯಸ್ಥರು. ‘ನಮ್ಮ ಠಾಣೆಗೆ ಯಾರನ್ನೂ ತಂದಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ವಾಪಸ್ ತಿರುಗಬೇಡಿ. ಚಿತ್ರದುರ್ಗದ ಜಿಲ್ಲಾ ಪೊಲೀಸ್ ಕಚೇರಿಗೆ ಕೇಳಿ, ಇಲ್ಲವೇ 112ಕ್ಕೆ ಕರೆ ಮಾಡಿ.

ಎರಡನೆಯ ಮಾತು ಇನ್ನೂ ಮುಖ್ಯ. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧದ ಆರೋಪವಿಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ ಕೃತ್ಯವೂ ಅಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಠಾಣಾ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಬರೆದು ಮಂಡಳಿಗೆ ಕಳಿಸಬೇಕು. ಇಂಥ ಪ್ರಕರಣದಲ್ಲಿ, ಹಿಡಿದಿಡುವುದು ಮಗುವಿನ ಹಿತಕ್ಕೇ ಬೇಕು ಎನಿಸದ ಹೊರತು, ಹಿಡಿದಿಡುವ ಅಗತ್ಯವೂ ಇಲ್ಲ. ಸಂತೆಯಲ್ಲಿ ಮೊಬೈಲು ಎತ್ತಿದ, ಯಾರದೋ ಬೈಕು ಹತ್ತಿಕೊಂಡು ಹೋದ ಎನ್ನುವಂಥ ಆರೋಪಗಳಲ್ಲಿ ಪೋಷಕರು ನೇರವಾಗಿ ಹೀಗೆ ಕೇಳಬಹುದು: ‘ಹುಡುಗನನ್ನು ನಮ್ಮ ಜೊತೆ ಕಳಿಸಿ, ಮಂಡಳಿ ಹೇಳಿದ ದಿನ ನಾವೇ ಕರೆತರುತ್ತೇವೆ.’ ಈ ಮಾತು ಹೇಳಲು ಅಲ್ಲಿ ಯಾರೂ ಇಲ್ಲದ್ದರಿಂದಲೇ ವೀಕ್ಷಣಾಲಯದ (‘ರಿಮ್ಯಾಂಡ್ ಹೋಮಿನ’) ಮೆಟ್ಟಿಲು ಹತ್ತುವ ಮಕ್ಕಳಿದ್ದಾರೆ.

ಮಗುವಿಗೆ ಬೇಡಿ ಹಾಕುವಂತಿಲ್ಲ. ಯಾವ ಹೇಳಿಕೆಗೂ ಸಹಿ ಮಾಡೆಂದು ಒತ್ತಾಯಿಸುವಂತಿಲ್ಲ. ಊಟ, ಬೇಕಾದರೆ ಚಿಕಿತ್ಸೆ ಕೊಡಬೇಕು. ಮೈಮೇಲೆ ಏಟಿನ ಗುರುತು ಕಂಡರೆ ಠಾಣೆಯಲ್ಲಿ ಕೂಗಾಡುವುದರಿಂದ ಪ್ರಯೋಜನ ಕಡಿಮೆ. ಮಂಡಳಿಯ ಮುಂದೆ ಹಾಜರುಪಡಿಸಿದಾಗ ಅದನ್ನು ಮೊದಲ ಮಾತಾಗಿ ಹೇಳಿ, ವೈದ್ಯಕೀಯ ತಪಾಸಣೆಗೆ ಕೋರಿ, ಅದು ದಾಖಲಾಗುವಂತೆ ನೋಡಿಕೊಳ್ಳಿ.

ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಒಂದು ಬಿಳಿ ಹಾಳೆ ಸಾಕು. ಬರೆಯಲು ಬಾರದವರು ಯಾರಿಂದಲಾದರೂ ಹೀಗೆ ಬರೆಸಬಹುದು:

‘ರವರಿಗೆ, ಠಾಣಾಧಿಕಾರಿಗಳು, ……… ಪೊಲೀಸ್ ಠಾಣೆ. ಮಾನ್ಯರೆ, ……… ಗ್ರಾಮದ ವಾಸಿಯಾದ ನಾನು ತಿಳಿಸುವುದೇನೆಂದರೆ, ನನ್ನ ಮಗ ………, ಹುಟ್ಟಿದ ದಿನಾಂಕ ………, ಇವನನ್ನು ದಿನಾಂಕ ……… ರಂದು ಸುಮಾರು ……… ಗಂಟೆಗೆ ……… ಎಂಬಲ್ಲಿಂದ ಪೊಲೀಸರು ಕರೆದುಕೊಂಡು ಹೋಗಿರುವುದಾಗಿ ತಿಳಿದುಬಂದಿದೆ. ಇವನು 18 ವರ್ಷದೊಳಗಿನವನು. ಈಗ ಎಲ್ಲಿದ್ದಾನೆ, ಯಾವ ಪ್ರಕರಣದಲ್ಲಿ ಕರೆತರಲಾಗಿದೆ, ಬಾಲ ನ್ಯಾಯ ಮಂಡಳಿಯ ಮುಂದೆ ಯಾವಾಗ ಹಾಜರುಪಡಿಸುತ್ತೀರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಹುಟ್ಟಿದ ದಿನಾಂಕದ ದಾಖಲೆ ಲಗತ್ತಿಸಿದೆ.’

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಠಾಣೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಚಿತ್ರದುರ್ಗದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀತಿ ಇಟ್ಟುಕೊಳ್ಳಿ. ಮುಂದೆ 24 ಗಂಟೆಯ ಲೆಕ್ಕ ಬಂದಾಗ ಆ ಮೊಹರು ಅಥವಾ ಆ ರಸೀತಿ ನಿಮ್ಮ ಕಡೆ ಮಾತಾಡುತ್ತದೆ.

ವಯಸ್ಸಿನ ಕಾಗದ

ಮನೆಯಿಂದ ಹೊರಡುವಾಗ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಬೇಕಾದ ಮೊದಲ ಕಾಗದ ಆಧಾರ್ ಅಲ್ಲ. ಕಾಯ್ದೆಯ 94ನೇ ಕಲಂ ವಯಸ್ಸನ್ನು ಯಾವುದರಿಂದ ತೀರ್ಮಾನಿಸಬೇಕು ಎಂಬುದಕ್ಕೆ ಒಂದು ಅನುಕ್ರಮ ಹಾಕಿದೆ. ಮೊದಲಿಗೆ ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲವಾದರೆ ಪಂಚಾಯಿತಿ ಅಥವಾ ಪುರಸಭೆ, ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ತಪಾಸಣೆ, ಅದೂ ಆದೇಶವಾದ 15 ದಿನಗಳೊಳಗೆ ಮುಗಿಯಬೇಕು. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಅದನ್ನು ಹುಟ್ಟಿದ ದಿನಾಂಕದ ಪುರಾವೆಯಾಗಿ ಹಿಡಿಯಲಾಗದು ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಆಧಾರ್ ಮಾಡಿಸುವಾಗ ಅಂದಾಜಿಗೆ ಜನವರಿ 1 ಎಂದು ಬರೆಸಿ ಬಿಟ್ಟ ಮಕ್ಕಳು ನಮ್ಮ ಹಳ್ಳಿ, ತಾಂಡಾಗಳಲ್ಲಿ ಎಷ್ಟೋ ಮಂದಿ. ಆ ಅಂದಾಜು ಒಂದೆರಡು ವರ್ಷ ಹೆಚ್ಚಾಗಿದ್ದರೆ ಹದಿನೇಳರ ಹುಡುಗ ಹತ್ತೊಂಬತ್ತರವನಾಗಿ ದೊಡ್ಡವರ ಜೈಲಿಗೆ ಹೋಗುವ ಅಪಾಯವಿದೆ.

ಶಾಲೆ ಬಿಟ್ಟು ನಾಲ್ಕು ವರ್ಷವಾಗಿದ್ದರೂ ದಾಖಲಾತಿ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ. ಮುಖ್ಯ ಶಿಕ್ಷಕರಿಂದ ಅದರ ದೃಢೀಕೃತ ಪ್ರತಿ ಪಡೆಯಿರಿ. ಯಾಕೆ ಬೇಕೆಂದು ಶಾಲೆಗೆ ಪೂರ್ತಿ ಕಥೆ ಹೇಳಬೇಕಾಗಿಲ್ಲ, ಜನ್ಮ ದಿನಾಂಕದ ದೃಢೀಕರಣ ಬೇಕಾಗಿದೆ ಎಂದರೆ ಸಾಕು.

ಮಗ ಈಗಾಗಲೇ ಜೈಲು ಸೇರಿದ್ದರೂ ಕೈಚೆಲ್ಲಬೇಕಾಗಿಲ್ಲ. ಕೃತ್ಯ ನಡೆದ ದಿನ 18 ತುಂಬಿರಲಿಲ್ಲ ಎಂಬ ವಾದವನ್ನು ಯಾವ ನ್ಯಾಯಾಲಯದಲ್ಲಾದರೂ, ಯಾವ ಹಂತದಲ್ಲಾದರೂ, ತೀರ್ಪು ಬಂದ ಮೇಲೂ ಎತ್ತಬಹುದು ಎನ್ನುತ್ತದೆ 9ನೇ ಕಲಂ. ಲೆಕ್ಕಕ್ಕೆ ಬರುವುದು ಹಿಡಿದ ದಿನದ ವಯಸ್ಸಲ್ಲ, ಕೃತ್ಯ ನಡೆದ ದಿನದ ವಯಸ್ಸು. ವಿಚಾರಣೆ ನಡೆಯುತ್ತಿರುವಾಗಲೇ 18 ತುಂಬಿದರೂ ಅವನನ್ನು ಮಗುವೆಂದೇ ಪರಿಗಣಿಸಿ ಮುಂದುವರಿಸಬೇಕು.

ಮಂಡಳಿ ಕೂರುವ ಜಾಗ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ತಾಲ್ಲೂಕು ನ್ಯಾಯಾಲಯಗಳಿವೆ. ಆದರೆ ಮಗುವನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಬಾಲ ನ್ಯಾಯ ಮಂಡಳಿ ಜಿಲ್ಲೆಗೊಂದರಂತೆ ರಚನೆಯಾಗಿದೆ, ನಮ್ಮದು ಚಿತ್ರದುರ್ಗದಲ್ಲಿದೆ. ಕನಿಷ್ಠ ಮೂರು ವರ್ಷ ಅನುಭವವಿರುವ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಅದರಲ್ಲಿರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ನಿಯಮದಂತೆ ಮಂಡಳಿಯು ಕೋರ್ಟಿನ ಆವರಣದಲ್ಲಾಗಲಿ ಜೈಲಿನಲ್ಲಾಗಲಿ ಕೂರುವಂತಿಲ್ಲ. ವೀಕ್ಷಣಾಲಯದಲ್ಲೋ ಅದರ ಸಮೀಪದಲ್ಲೋ ಮಕ್ಕಳಿಗೆ ಒಗ್ಗುವಂಥ ಜಾಗದಲ್ಲಿ ಕೂರಬೇಕು. ಎತ್ತರದ ಪೀಠ ಇರಬಾರದು, ಕಟಕಟೆ ಇರಬಾರದು, ಮಗುವನ್ನು ಕರೆತರುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಒಂದೇ ಮೇಜಿನ ಆ ಕಡೆ ಮಂಡಳಿಯವರು, ಈ ಕಡೆ ಮಗು ಮತ್ತು ಹೆತ್ತವರು ಕೂತು ಮಾತಾಡುವ ಜಾಗ ಅದು. ಕೋರ್ಟೆಂದು ಹೆದರಿ ಬಾಗಿಲಲ್ಲೇ ನಿಂತುಬಿಡುವ ತಾಯಂದಿರಿಗೆ ಇದನ್ನು ಹೇಳಲೇಬೇಕು: ಒಳಗೆ ಹೋಗಿ ಕೂರುವುದು ನಿಮ್ಮ ಹಕ್ಕು. ವಿಚಾರಣೆಯ ಪ್ರತಿ ಹಂತದಲ್ಲೂ ಮಗು ಮತ್ತು ಪೋಷಕರು ವಿಷಯ ತಿಳಿದು ಭಾಗವಹಿಸುವಂತೆ ನೋಡಿಕೊಳ್ಳುವುದು ಮಂಡಳಿಯ ಹೊಣೆ. ಮನೆಮಾತು ಲಂಬಾಣಿಯೋ ತೆಲುಗೋ ಉರ್ದುವೋ ಆಗಿದ್ದು ಕನ್ನಡದಲ್ಲಿ ತೊಡಕಾದರೆ ಮಗುವಿಗಾಗಿ ದುಭಾಷಿಯನ್ನು ಕೇಳಬಹುದು.

ಭಾನುವಾರ, ಹಬ್ಬ, ರಾತ್ರಿ ಎಂಬ ನೆಪವಿಲ್ಲ. ಮಂಡಳಿ ಕೂರದ ದಿನ ಮಗುವನ್ನು ಯಾರಾದರೂ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು. ಅಂಥ ವೇಳೆ ಯಾವ ಸದಸ್ಯರ ಹತ್ತಿರ ಕರೆದೊಯ್ಯುತ್ತಿದ್ದಾರೆ ಎಂದು ಠಾಣೆಯಲ್ಲೇ ಕೇಳಿಕೊಂಡು ಹೊರಡಿ. ಹೊಸದುರ್ಗದ ಆಚೆಯ ಹಳ್ಳಿಯಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗ ಮುಟ್ಟುವುದು ಎರಡು ಬಸ್ಸಿನ ಮಾತು. ತಡವಾದೀತು ಎನಿಸಿದರೆ ‘ನಾವು ದಾರಿಯಲ್ಲಿದ್ದೇವೆ’ ಎಂದು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಫೋನಿನಲ್ಲಿ ತಿಳಿಸಿ.

ವಿಳಾಸ, ಫೋನು ನಂಬರು ಯಾರ ಬಳಿ ಸಿಗುತ್ತದೆ? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಚಿತ್ರದುರ್ಗದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಮಂಡಳಿ, ಮಕ್ಕಳ ಕಲ್ಯಾಣ ಸಮಿತಿ, ಬಾಲಮಂದಿರ, ವೀಕ್ಷಣಾಲಯ ಇವೆಲ್ಲದರ ಕೊಂಡಿ ಅದೇ. ತಾಲ್ಲೂಕಿನಲ್ಲಿರುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಹೋಗಿ ಕೇಳಬಹುದು. ಹಳ್ಳಿಯಲ್ಲಾದರೆ ಅಂಗನವಾಡಿ ಕಾರ್ಯಕರ್ತೆಯೇ ಹತ್ತಿರದ ದಾರಿ, ಮೇಲ್ವಿಚಾರಕಿ ಮೂಲಕ ಸಿಡಿಪಿಒ ಕಚೇರಿಯನ್ನು ಅವರು ಮುಟ್ಟಬಲ್ಲರು. ಯಾವ ಹೊತ್ತಿನಲ್ಲಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಕ್ಕಳಿಗೆ ಮತ್ತು ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಚಿತ್ರದುರ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇವೆ. ಸಹಾಯವಾಣಿ 15100. ಠಾಣೆ ಮುಂದಿನ ಟೀ ಅಂಗಡಿಯಲ್ಲಿ ‘ನಾನು ಬಿಡಿಸಿಕೊಡ್ತೀನಿ, ಇಷ್ಟು ಕೊಡಿ’ ಎನ್ನುವವರ ಕೈಗೆ ಓಲೆ ಅಡವಿಟ್ಟ ಹಣ ಹೋಗಬಾರದು.

ಜಾಮೀನು

12ನೇ ಕಲಂ ಪೋಷಕರು ಬಾಯಿಪಾಠ ಮಾಡಿಕೊಳ್ಳಬೇಕಾದ ಕಲಂ. ಆರೋಪ ಜಾಮೀನು ಸಿಗುವಂಥದ್ದೋ ಅಲ್ಲವೋ ಎಂಬ ಭೇದವಿಲ್ಲದೆ, ಮಗುವನ್ನು ಜಾಮೀನಿನ ಮೇಲೆ ಬಿಡಬೇಕು. ಶ್ಯೂರಿಟಿ ಇದ್ದರೂ ಬಿಡಬಹುದು, ಇಲ್ಲದೆಯೂ ಬಿಡಬಹುದು, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ನಿಗಾದಲ್ಲೂ ಬಿಡಬಹುದು. ನಿರಾಕರಿಸಲು ಕಾನೂನು ಒಪ್ಪುವ ಕಾರಣಗಳು ಮೂರೇ: ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ ಎಂಬುದು, ದೈಹಿಕ, ಮಾನಸಿಕ ಅಥವಾ ನೈತಿಕ ಅಪಾಯಕ್ಕೆ ಸಿಲುಕುತ್ತಾನೆ ಎಂಬುದು, ನ್ಯಾಯದ ಉದ್ದೇಶವೇ ಕೆಡುತ್ತದೆ ಎಂಬುದು. ಹಾಗೆ ನಂಬಲು ಆಧಾರವಿರಬೇಕು, ಕಾರಣವನ್ನು ಆದೇಶದಲ್ಲಿ ಬರೆಯಬೇಕು. ಸುಮಾರು ಒಂದು ವರ್ಷ ಒಳಗಿದ್ದ ರಾಜಸ್ಥಾನದ ಒಬ್ಬ ಬಾಲಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಆಗಸ್ಟ್ 14ರಂದು ಇದನ್ನೇ ಎತ್ತಿಹಿಡಿದು ಜಾಮೀನು ಕೊಟ್ಟಿತು. ಕೆಳಗಿನ ಆದೇಶಗಳಲ್ಲಿ ಈ ಕಾರಣಗಳ ಬಗ್ಗೆ ಸ್ಪಷ್ಟ ನಿರ್ಣಯವೇ ಇರಲಿಲ್ಲ.

ಮನೆಯವರ ಹಾಜರಾತಿ ಬೆಲೆಬಾಳುವುದು ಇಲ್ಲಿ. ‘ಅಪರಾಧಿಗಳ ಸಹವಾಸ’ ಎಂಬ ಆತಂಕಕ್ಕೆ ಉತ್ತರ ಕೊಡಬಲ್ಲವರು ಹೆತ್ತವರೇ. ಹುಡುಗ ಇನ್ನು ಎಲ್ಲಿರುತ್ತಾನೆ, ಯಾರ ಕಣ್ಣಳತೆಯಲ್ಲಿ, ಶಾಲೆಗೆ ಹೋಗುತ್ತಾನೋ ಐಟಿಐಗೋ ಎಂದು ಬಿಡಿಸಿ ಹೇಳಿ. ಹಳೆಯ ಗೆಳೆಯರಿಂದ ದೂರ ಇಡಲು ಚಿಕ್ಕಮ್ಮನ ಊರಿಗೆ ಕಳಿಸುವುದಾದರೆ ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗಿ. ಜಾಮೀನು ಸಿಕ್ಕಿಯೂ ಷರತ್ತು ಪೂರೈಸಲಾಗದೆ 7 ದಿನ ಕಳೆದರೆ, ಷರತ್ತು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ಪಹಣಿ ಇರುವ ಶ್ಯೂರಿಟಿ ಸಿಗಲಿಲ್ಲ ಎಂದು ವಾರಗಟ್ಟಲೆ ಸುಮ್ಮನೆ ಕೂರಬೇಡಿ, ಈ ಅವಕಾಶ ನೆನಪಿಸಿ.

ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದಕ್ಕಾಗಿ ಅವರು ಮನೆಗೆ ಬರುತ್ತಾರೆ, ಶಾಲೆಯಲ್ಲಿ, ನೆರೆಯವರಲ್ಲಿ ವಿಚಾರಿಸುತ್ತಾರೆ. ಪೊಲೀಸರೆಂದುಕೊಂಡು ಬಾಗಿಲು ಹಾಕಬೇಡಿ. ಕುಡಿತವೋ ಸಾಲವೋ ಹುಡುಗನಿಗೆ ಬಿದ್ದ ಏಟೋ, ಮನೆಯಲ್ಲಿದ್ದ ಕಷ್ಟವನ್ನು ಮುಚ್ಚದೆ ಹೇಳಿದರೆ ಮಗು ಯಾಕೆ ಹೀಗಾಯಿತೆಂದು ಮಂಡಳಿಗೆ ಅರ್ಥವಾಗುತ್ತದೆ. ಮುಂದಿನ ಆದೇಶಕ್ಕೆ ಈ ವರದಿ ದೊಡ್ಡ ಆಧಾರ.

ಯಾವ ಗೃಹದಲ್ಲಿ?

ಜಾಮೀನು ಸಿಗದಿದ್ದರೆ ಮಗುವನ್ನು ವೀಕ್ಷಣಾಲಯಕ್ಕೆ ಕಳಿಸುತ್ತಾರೆ. ಜನರ ಬಾಯಲ್ಲಿ ಅದು ಇನ್ನೂ ‘ರಿಮ್ಯಾಂಡ್ ಹೋಮು’. ಎಲ್ಲ ಜಿಲ್ಲೆಗಳಲ್ಲೂ ಎಲ್ಲ ಬಗೆಯ ಗೃಹಗಳಿಲ್ಲ. ಹುಡುಗಿಯರದು ಬೇರೆ, ಹುಡುಗರದು ಬೇರೆ. 16 ದಾಟಿ ಘೋರ ಅಪರಾಧದ ಆರೋಪ ಹೊತ್ತವರಿಗೆ ‘ಪ್ಲೇಸ್ ಆಫ್ ಸೇಫ್ಟಿ’ ಎಂಬ ಪ್ರತ್ಯೇಕ ವ್ಯವಸ್ಥೆ ಬೇರೆ. ಆದ್ದರಿಂದ ಚಿತ್ರದುರ್ಗದ ಮಗು ಪಕ್ಕದ ಜಿಲ್ಲೆಯಲ್ಲೋ ಬೆಂಗಳೂರಿನಲ್ಲೋ ಇರಬಹುದು. ಊಹೆಯ ಮೇಲೆ ಬಸ್ಸು ಹತ್ತುವ ಮೊದಲು ಮಂಡಳಿಯ ಕಚೇರಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಯಾವ ಗೃಹಕ್ಕೆ ಕಳಿಸಿದ್ದಾರೆ, ಪ್ರಕರಣದ ಸಂಖ್ಯೆ ಏನು, ಮುಂದಿನ ವಾಯಿದೆ ಯಾವತ್ತು, ಪರಿವೀಕ್ಷಣಾಧಿಕಾರಿ ಮತ್ತು ಉಚಿತ ವಕೀಲರು ಯಾರು. ಆದೇಶದ ಪ್ರತಿಯನ್ನೂ ಕೇಳಿ ಪಡೆಯಿರಿ.

ಗೃಹಕ್ಕೆ ಫೋನು ಮಾಡಿದರೆ ‘ಆ ಹೆಸರಿನವರ ಬಗ್ಗೆ ಹೇಳಲಾಗದು’ ಎನ್ನಬಹುದು. ಅದು ಸಿಬ್ಬಂದಿಯ ಬಿಗುಮಾನವೇ ಆಗಿರಬೇಕೆಂದಿಲ್ಲ. 74ನೇ ಕಲಂ ಮಗುವಿನ ಹೆಸರು, ಊರು, ಶಾಲೆ, ಫೋಟೊ ಬಹಿರಂಗವಾಗುವುದನ್ನು ತಡೆಯುತ್ತದೆ. ಮೀರಿದವರಿಗೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಫೋನಿನ ಆ ಕಡೆ ಇರುವುದು ತಾಯಿಯೇ ಎಂದು ಅವರಿಗೆ ತಿಳಿಯುವುದು ಹೇಗೆ? ನಿಮ್ಮ ಗುರುತಿನ ಚೀಟಿ, ಮಗುವಿನೊಂದಿಗೆ ಸಂಬಂಧ ತೋರಿಸುವ ಪಡಿತರ ಚೀಟಿಯಂಥ ದಾಖಲೆ, ಮಂಡಳಿಯ ಆದೇಶದ ಪ್ರತಿ ಹಿಡಿದು ಖುದ್ದು ಹೋಗುವುದೇ ಸರಿ. ಇದೇ ಕಲಂ ಮನೆಯವರಿಗೂ ಅನ್ವಯ. ನಾಪತ್ತೆಯಾಗಿದ್ದಾನೆ ಎಂದು ವಾಟ್ಸ್‌ಆ್ಯಪಿನಲ್ಲಿ ಹಾಕಿದ್ದ ಫೋಟೊವನ್ನು ಮಗು ಎಲ್ಲಿದೆ ಎಂದು ತಿಳಿದ ಕೂಡಲೇ ಅಳಿಸಿ, ಹಂಚಿದವರಿಗೂ ಅಳಿಸಲು ಹೇಳಿ.

ಭೇಟಿಯ ದಿನ, ವೇಳೆಯನ್ನು ಆಯಾ ಗೃಹದ ಅಧೀಕ್ಷಕರು ಗೊತ್ತುಪಡಿಸುತ್ತಾರೆ. ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಮೊಬೈಲನ್ನು ಒಳಗೆ ಬಿಡುವುದಿಲ್ಲ, ತಂದ ತಿಂಡಿ ಬಟ್ಟೆಗಳನ್ನು ನೋಡಿಯೇ ಒಳಗೆ ಕೊಡುತ್ತಾರೆ. ಮಗುವಿಗೆ ಮೂರ್ಛೆ, ಉಬ್ಬಸದಂಥ ತೊಂದರೆ ಇದ್ದರೆ ವೈದ್ಯರ ಚೀಟಿಯನ್ನು ಮೊದಲ ಭೇಟಿಯಲ್ಲೇ ಅಧೀಕ್ಷಕರ ಕೈಗೆ ಕೊಡಿ. ಭೇಟಿಯ ಸಮಯ ಚಿಕ್ಕದು. ‘ಯಾಕೆ ಹಿಂಗೆ ಮಾಡಿದೆ’ ಎಂಬ ಪ್ರಶ್ನೆಯಲ್ಲೇ ಅದು ಮುಗಿದುಹೋಗುತ್ತದೆ. ಅದಕ್ಕಿಂತ ಮನೆಯ ಸುದ್ದಿ ಹೇಳಿ, ಮುಂದಿನ ವಾಯಿದೆ ಯಾವತ್ತೆಂದು ಹೇಳಿ, ನೀವು ಬಂದೇ ಬರುತ್ತೀರೆಂದು ಹೇಳಿ. ಊಟ, ನಿದ್ದೆ, ಯಾರಾದರೂ ಹೊಡೆಯುತ್ತಾರಾ ಎಂಬುದನ್ನು ಮೆಲ್ಲಗೆ ಕೇಳಿ. ಕೇಸಿನ ವಿವರವನ್ನು ವಕೀಲರ ಜೊತೆ ಮಾತಾಡಲಿ.

ದೂರವಿರುವವರಿಗೆ ಕಾಗದದ ದಾರಿ ಈಗಲೂ ಇದೆ. ಮಗು ಎಷ್ಟು ಪತ್ರ ಬೇಕಾದರೂ ಬರೆಯಬಹುದು, ಬರುವ ಪತ್ರಕ್ಕೂ ತಡೆಯಿಲ್ಲ. ಅಧೀಕ್ಷಕರು ಓದಿ ನೋಡಬಹುದು ಎಂಬುದು ನೆನಪಿರಲಿ. ಓದು ಬಾರದ ತಾಯಿ ಚಿಕ್ಕ ಮಗಳ ಕೈಯಲ್ಲಿ ನಾಲ್ಕು ಸಾಲು ಬರೆಸಿ ಹಾಕಿದರೂ ಒಳಗಿರುವ ಹುಡುಗನಿಗೆ ಅದು ದೊಡ್ಡದು. ಫೋನಿನಲ್ಲಿ ಮಾತಾಡಲು ಯಾವ ದಿನ ಅವಕಾಶ ಎಂದು ಅಧೀಕ್ಷಕರನ್ನೇ ಕೇಳಿ.

ಪರೀಕ್ಷೆಗಾಗಲಿ, ಹತ್ತಿರದವರ ಮದುವೆ ಸಾವುಗಳಿಗಾಗಲಿ, ತಂದೆತಾಯಿಗೆ ಗಂಭೀರ ಕಾಯಿಲೆಯಾದಾಗಲಾಗಲಿ ಮಗುವನ್ನು ಸಾಮಾನ್ಯವಾಗಿ 7 ದಿನ ಮೀರದಂತೆ ಕಳಿಸಿಕೊಡಲು ಮಂಡಳಿಗೆ 98ನೇ ಕಲಂ ಅಧಿಕಾರ ಕೊಟ್ಟಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿದ್ದರೆ ಪ್ರವೇಶಪತ್ರದ ಪ್ರತಿ ಹಚ್ಚಿ ಸಾಕಷ್ಟು ಮೊದಲೇ ಅರ್ಜಿ ಕೊಡಿ.

ಬೆಂಗಳೂರಿನಲ್ಲಿ ಹೋಟೆಲು ಕೆಲಸಕ್ಕಿದ್ದ ಹುಡುಗನನ್ನು ಅಲ್ಲೇ ಹಿಡಿದರೆ ಅಲ್ಲಿನ ಮಂಡಳಿಯ ಮುಂದೆ ಹಾಜರುಪಡಿಸುತ್ತಾರೆ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯವರಿಗೆ ಆಂಧ್ರದ ಗಡಿ ಕೂಗಳತೆ; ಗಡಿಯಾಚೆ ಹಿಡಿದರೆ ಆ ಜಿಲ್ಲೆಯ ಮಂಡಳಿ. ಮಗುವಿನ ಹಿತಕ್ಕೆ ಒಳ್ಳೆಯದೆನಿಸಿದರೆ ತವರು ಜಿಲ್ಲೆಗೆ ವರ್ಗಾಯಿಸಲು 95ನೇ ಕಲಂನಡಿ ಆದೇಶಿಸಬಹುದು. ಪ್ರತಿ ವಾಯಿದೆಗೂ ಬಂದು ಹೋಗುವ ಶಕ್ತಿ ಇಲ್ಲದಿದ್ದರೆ ಇದನ್ನು ವಕೀಲರಿಂದ ಅರ್ಜಿ ಹಾಕಿಸಿ ಕೇಳಿ.

ಠಾಣೆಯಲ್ಲೂ ಇಲ್ಲ, ಮಂಡಳಿಯಲ್ಲೂ ಇಲ್ಲ

ಹುಡುಕಿದ ಮಗು ಆರೋಪಿಯೇ ಅಲ್ಲದಿರಬಹುದು. ಗ್ಯಾರೇಜಿನಲ್ಲಿ ದುಡಿಯುವಾಗ ಕಾರ್ಮಿಕ ಇಲಾಖೆಯವರು ಬಿಡಿಸಿದ ಹುಡುಗ, ಚಿಕ್ಕಜಾಜೂರಿನಲ್ಲೋ ಹೊಸದುರ್ಗ ರೋಡಿನಲ್ಲೋ ರೈಲು ಹತ್ತಿ ಹೋದವನು, ನಾಯಕನಹಟ್ಟಿ ಜಾತ್ರೆಯಲ್ಲಿ ಕೈತಪ್ಪಿದವಳು, ಮದುವೆ ತಪ್ಪಿಸಿಕೊಂಡು ಓಡಿಬಂದ ಹುಡುಗಿ, ಇವರು ಹೋಗುವುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಅಲ್ಲಿಂದ ಬಾಲಮಂದಿರಕ್ಕೆ. ವಿಚಾರಿಸುವಾಗ ಮಂಡಳಿ, ಸಮಿತಿ ಎರಡನ್ನೂ ಕೇಳಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಎರಡೂ ಕಡೆಯ ಮಾಹಿತಿ ಇರುತ್ತದೆ.

ಎಲ್ಲೂ ಸುಳಿವು ಸಿಗದಿದ್ದರೆ ನಾಪತ್ತೆ ದೂರು ಕೊಡಿ. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ 10ರಂದು ಬಚ್‌ಪನ್ ಬಚಾವೊ ಆಂದೋಲನದ ಪ್ರಕರಣದಲ್ಲಿ ಆದೇಶಿಸಿದೆ. ‘ಎರಡು ದಿನ ನೋಡಿ ಬನ್ನಿ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಪೊಲೀಸರೇ ಕರೆದೊಯ್ದದ್ದು ಖಚಿತವಾಗಿದ್ದು, 24 ಗಂಟೆ ದಾಟಿದರೂ ಹಾಜರುಪಡಿಸದಿದ್ದರೆ, ಬೆಂಗಳೂರಿನಲ್ಲಿರುವ ಹೈಕೋರ್ಟಿಗೆ, ಮಗುವನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಅದಕ್ಕೂ ಉಚಿತ ವಕೀಲರು ಸಿಗುತ್ತಾರೆ. ಗೃಹದೊಳಗೆ ಹಿಂಸೆಯಾಗುತ್ತಿದೆ ಎಂದು ತಿಳಿದರೆ ಮಂಡಳಿಗೆ ಲಿಖಿತವಾಗಿ ಕೊಡಿ. ತಿಂಗಳಿಗೊಮ್ಮೆಯಾದರೂ ಅಂಥ ಗೃಹಗಳನ್ನು ತಪಾಸಣೆ ಮಾಡುವುದು ಮಂಡಳಿಯದೇ ಹೊಣೆ. ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಹೋಗಲಿ.

ಘೋರ ಅಪರಾಧ ಎಂದಾಗ

ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವ ಆರೋಪಗಳು ಈ ವರ್ಗಕ್ಕೆ ಸೇರುತ್ತವೆ. ಕೊಲೆಯಷ್ಟೇ ಅಲ್ಲ, ಪ್ರೀತಿಸಿ ಓಡಿಹೋದ ಹದಿನೇಳರ ಹುಡುಗನ ಮೇಲೆ ಬೀಳುವ ಪೋಕ್ಸೊ ಕೇಸೂ ಇಲ್ಲಿಗೆ ಬರಬಹುದು. 16 ದಾಟಿದ್ದರೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಿ, ದೊಡ್ಡವರಂತೆ ವಿಚಾರಿಸಲು ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಎಂದು ತೀರ್ಮಾನಿಸುತ್ತದೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಒಬ್ಬ ತಾಯಿ ಮಗನ ಪರವಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಮಗನ ಹೆಸರು ಎಲ್ಲೂ ಇಲ್ಲ, ಪ್ರಕರಣದ ಶೀರ್ಷಿಕೆಯೇ ‘ತಾಯಿಯ ಮೂಲಕ’ ಎಂದಿದೆ. 2024ರ ಮೇ 7ರ ಆ ತೀರ್ಪಿನ ಪ್ರಕಾರ ಮೌಲ್ಯಮಾಪನಕ್ಕಿರುವ ಮೂರು ತಿಂಗಳ ಗಡುವು ಕಡ್ಡಾಯವಲ್ಲ, ಮಾರ್ಗದರ್ಶಿ ಮಾತ್ರ. ಮಂಡಳಿಯ ಆದೇಶದ ವಿರುದ್ಧ ಮೇಲ್ಮನವಿಗೆ ಇರುವ ಕಾಲ 30 ದಿನ. ‘ಗಡುವು ಮುಗಿಯಿತು, ಬಿಟ್ಟೇ ಬಿಡುತ್ತಾರೆ’ ಎಂದು ಕಾಯುವುದು ಇನ್ನು ನಡೆಯದು. ಆದೇಶ ಕೈಗೆ ಬಂದ ದಿನವೇ ವಕೀಲರನ್ನು ಕಾಣಿ.

ಉಳಿದ ಪ್ರಕರಣಗಳಲ್ಲಿ ವಿಚಾರಣೆ ಮೊದಲ ಹಾಜರಿಯಿಂದ ನಾಲ್ಕು ತಿಂಗಳಲ್ಲಿ, ವಿಸ್ತರಿಸಿದರೆ ಇನ್ನೆರಡು ತಿಂಗಳಲ್ಲಿ ಮುಗಿಯಬೇಕು. ಸಣ್ಣ ಅಪರಾಧಗಳಲ್ಲಿ ಆಗಲೂ ಮುಗಿಯದಿದ್ದರೆ ಪ್ರಕರಣವೇ ಕೊನೆಯಾಗುತ್ತದೆ.

ಮನೆಗೆ ಬಂದ ಮೇಲೆ

ಮಂಡಳಿ ಬುದ್ಧಿಮಾತು ಹೇಳಿ ಬಿಡಬಹುದು, ಸಮುದಾಯ ಸೇವೆ ವಿಧಿಸಬಹುದು, ಪೋಷಕರ ಮುಚ್ಚಳಿಕೆಯ ಮೇಲೆ ನಿಗಾದಲ್ಲಿ ಕಳಿಸಬಹುದು, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿ ಇರಿಸಬಹುದು. ಮಂಡಳಿಯಲ್ಲಿ ತೀರ್ಮಾನವಾದ ಪ್ರಕರಣ ಮಗುವಿನ ಮುಂದಿನ ಬದುಕಿಗೆ ಅನರ್ಹತೆ ಆಗಬಾರದು, ಮೇಲ್ಮನವಿಯ ಕಾಲ ಕಳೆದ ಮೇಲೆ ನಿಯಮದಂತೆ ಕಡತವನ್ನೇ ನಾಶಮಾಡಬೇಕು ಎನ್ನುತ್ತದೆ 24ನೇ ಕಲಂ. ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥರೆನಿಸಿದ 16 ದಾಟಿದವರಿಗೆ ಮಾತ್ರ ಈ ರಕ್ಷಣೆ ಸಿಗದು.

ಮತ್ತೆ ಶಾಲೆಗೆ ಸೇರಿಸಲು ಕೇಸಿನ ಕಾಗದ ತೋರಿಸಬೇಕಾಗಿಲ್ಲ, ವರ್ಗಾವಣೆ ಪತ್ರ ಸಾಕು. ವೀಕ್ಷಣಾಲಯದಲ್ಲಿದ್ದ ಹುಡುಗ ಎಂಬ ಕಾರಣಕ್ಕೆ ಸೇರಿಸಿಕೊಳ್ಳದಿದ್ದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಹೋಗಲಿ. ಪರಿವೀಕ್ಷಣಾಧಿಕಾರಿಯ ಮುಂದೆ ಹಾಜರಾಗಬೇಕಾದ ದಿನಗಳನ್ನು ಮಾತ್ರ ಒಂದೂ ತಪ್ಪಿಸಬೇಡಿ.